ಅನ್ನ ತಿನ್ನದ ಸಿಂಹ

ಹುಣಸೆಹಣ್ಣು ಹಚ್ಚಿ ಗಿಂಡಿ ಉಜ್ಜುತ್ತಿದ್ದೆ, ಬೆಲ್ ಆಯಿತು. ಶನಿವಾರ ಬೆಳಿಗ್ಗೆ ಎಂಟಕ್ಕೇ, ಫೋನ್ ಕೂಡ ಮಾಡದೆ, ಆನ್ ಆರ್ಬರ್‌ನಿಂದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಗೆ ಬದರೀನಾಥ ಬಂದಿದ್ದ. ಅಲ್ಲಿನ ಯೂನಿವರ್ಸಿಟಿಯಲ್ಲಿ ಹಳೆಯ ಲೋಹದ ಪಾತ್ರೆಗಳ ಮೇಲೆ ಸಂಶೋಧನೆ ಮಾಡುವ ಕನ್ನಡದವನು.

ಗಿಂಡಿ ನನ್ನ ಅಜ್ಜಿಯದು, ಕಂಚಿನದು. ವಿಜಯನಗರದ ಕಾಲದ್ದೆಂದು ಹೇಳಿದವನೂ ಅವನೇ. ಮುಚ್ಚಳದ ಮೇಲೆ ಹಿಡಿಯಾಗಿ ಒಂದು ಪುಟ್ಟ ಸಿಂಹ ಬಾಯಿ ತೆರೆದು ಕೂತಿತ್ತು. ಏಳು ವರ್ಷದ ನನ್ನ ಮಗಳು ಮಂಜರಿ ತಾನು ಉಣ್ಣುವ ಮೊದಲು ಅದರ ಬಾಯಿಗೆ ಒಂದು ಅಗುಳು ಇಡುತ್ತಿದ್ದಳು.

ಹೋದ ತಿಂಗಳು ಫೋಟೊ ತೆಗೆಯಬೇಕೆಂದು ಬದರೀನಾಥ ಅದನ್ನು ಒಯ್ದ. ನಮ್ಮವನೇ ಅಲ್ಲವೆ, ಒಂದು ಚೀಟಿಯನ್ನೂ ಬರೆಸಿಕೊಳ್ಳಲಿಲ್ಲ. ಹತ್ತು ದಿನಕ್ಕೆ ವಾಪಸ್ ಬಂತು. ಉಜ್ಜಲು ಹೋದರೆ ಸಿಂಹದ ಕಿವಿ ಹೆಬ್ಬೆರಳಿಗೆ ಚುಚ್ಚಿತು. ಅಜ್ಜಿ, ಅಮ್ಮ ಉಜ್ಜಿ ಉಜ್ಜಿ ಸವೆಸಿದ್ದ ಕಿವಿ ಅದಲ್ಲ. ತೆರೆದಿದ್ದ ಬಾಯಿಯೂ ಮುಚ್ಚಿಕೊಂಡಿತ್ತು.

ಸಿಂಹ ಬದಲಾಗಿದೆ ಎಂದು ಗಂಡನಿಗೆ ಹೇಳಿದೆ. "ಈ ಪರದೇಶದಲ್ಲಿ ನಮಗಿರೋದೇ ನಾಲ್ಕು ಕನ್ನಡದ ಮನೆ ಕೌಸಲ್ಯಾ. ಕಳ್ಳ ಅಂತ ಹೆಂಗನ್ನೋದು, ಬಿಡು" ಎಂದರು. ಗಿಂಡಿಯನ್ನು ಎತ್ತಿ ಅದರ ಜಾಗದಲ್ಲೇ ಇಟ್ಟೆ. ಮಂಜರಿ ದಿನಾ ಅಗುಳನ್ನು ಸಿಂಹದ ಮುಂದೆ ಹಿಡಿದು, ನನ್ನ ಮುಖ ನೋಡುತ್ತಿದ್ದಳು; ನಾನು ಕಣ್ಣು ತಪ್ಪಿಸಿದ ಮೇಲೆ ತಾನೇ ತಿಂದುಬಿಡುತ್ತಿದ್ದಳು.

"ಏನಕ್ಕಾ, ಇನ್ನೂ ಹುಣಸೆಹಣ್ಣಾ? ಹಿಂಗುಜ್ಜಿದ್ರೆ ಪೀಸ್ ಹಾಳಾಗತ್ತೆ" ಎಂದ ಬದರೀನಾಥ, ಒಳಗೆ ಬರುತ್ತಾ ನನ್ನ ಕೈಯ ಗಿಂಡಿ ನೋಡಿ.

"ನಮ್ಮಜ್ಜಿ ಉಜ್ಜಿದಾಗ ಆಗಲಿಲ್ಲ." ಕಾಫಿ ಬೇಕೇ ಎಂದು ನಾನು ಕೇಳಲಿಲ್ಲ.

ಅವನು ನನ್ನ ಗಂಡನ ಕಡೆ ತಿರುಗಿದ. "ದ್ವಾರಕಾನಾಥ್, ಪಾತ್ರೆ ಹಳೇದು, ಸಿಂಹ ಮಾತ್ರ ಹೊಸದು ಕಣ್ರೀ. ಯಾರೋ ಆಮೇಲೆ ಕೂರ್ಸಿದಾರೆ. ಮನೇಲಿಟ್ಕೊಂಡು ಏನ್ಮಾಡ್ತೀರ? ನಂಗ್ ಕೊಟ್ಬಿಡಿ, ಸ್ಟಡಿಗಾದ್ರೂ ಆಗತ್ತೆ."

"ಯಾವಾಗ ಕೂರ್ಸಿದ್ದಂತೆ?" ಎಂದೆ.

"ಅದನ್ನ ನಿಮ್ಮಜ್ಜೀನೇ ಕೇಳ್ಬೇಕು." ನಕ್ಕ.

ಅಜ್ಜಿ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು.

"ಓದಿರೋರು ಹೇಳ್ತಿದಾರೆ. ಕೊಡು" ಎಂದರು ಗಂಡ, ಕಾರ್ಪೆಟ್ ನೋಡುತ್ತಾ.

ಬದರೀನಾಥ ಗಿಂಡಿಯ ಕುತ್ತಿಗೆಗೆ ಕೈ ಹಾಕಿದ. ನಾನು ಬಿಡಲಿಲ್ಲ. ಎಳೆದ. ಹುಳಿನೀರು ಅವನ ಬಿಳಿ ಅಂಗಿಯ ತೋಳಿನೊಳಗೆ ಇಳಿಯಿತು.

ತಿಂಡಿ ತಿನ್ನುತ್ತಿದ್ದ ಮಂಜರಿ ಎದ್ದು ಬಂದಳು. ಬೆರಳ ತುದಿಯಲ್ಲಿ ಚಿತ್ರಾನ್ನದ ಒಂದು ಅಗುಳು. ನಮ್ಮಿಬ್ಬರ ಕೈಗಳ ನಡುವೆ ಇದ್ದ ಸಿಂಹದ ಬಾಯಿಗೆ ಅದನ್ನು ಒತ್ತಿದಳು. ಅಗುಳು ಜಾರಿ ಅವನ ಕಾಲುಚೀಲದ ಮೇಲೆ ಬಿತ್ತು. ನನ್ನ ಮುಖ ನೋಡಿದಳು. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ.

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಅಂಕಲ್, ದಿಸ್ ಒನ್ ಡಸಂಟ್ ಈಟ್. ವೇರ್ ಡಿಡ್ ಯು ಪುಟ್ ಅವರ್ ಲಯನ್?"