ಹೇಳದೆ ಉಳಿದ ಹೆಸರುಗಳು

ಆ ಮಧ್ಯಾಹ್ನ ಕಮಲಾಕ್ಷ ಬಂಗುಡೆ ಸಾರಿನ ಮುಚ್ಚಳ ತೆಗೆದು “ಆಹಾ!” ಎಂದ. ಅವನ ಹೆಂಡತಿ ನೀಲಾವತಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಪಾತ್ರೆಯ ಹತ್ತಿರ ಮೂಗು ತಂದಳು. ಬಿಸಿ ಹಬೆ ತಾಗಿತು, ವಾಸನೆ ಇಲ್ಲ. ಹಿಂದಿನ ದಿನದಿಂದ ಮೈ ಬಿಸಿಯಾಗಿತ್ತು. ಏಪ್ರಿಲ್ ತಿಂಗಳ ಸೆಕೆಗೆ ಹಾಗೆ ಎಂದುಕೊಂಡಿದ್ದಳು. ಈಗ ಗಂಡನಿಂದ ದೂರ ಸರಿದು ನಿಂತಳು.

ಕೊರೊನಾದ ಎರಡನೇ ಅಲೆ ಶುರುವಾಗಿದ್ದ ಕಾಲ. ಸರಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿದಳು. ಎರಡು ದಿನ ಬಿಟ್ಟು ಪಾಸಿಟಿವ್ ಎಂದು ಮೊಬೈಲಿಗೆ ಸಂದೇಶ ಬಂತು. ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ನೀಲಾವತಿಯದ್ದು ಬಂಟ್ವಾಳ ಪೇಟೆಯಲ್ಲಿ ಸಣ್ಣ ಟೈಲರ್ ಅಂಗಡಿ. ಮಹಡಿಯ ಮೇಲೆ ಒಂದೇ ಕೋಣೆ. ರಸ್ತೆಯ ಧೂಳಿಗೆ ಹೆದರಿ ಕಿಟಕಿ ಮುಚ್ಚಿಯೇ ಇರುತ್ತಿತ್ತು. ತುಳುವಿನವರು, ಬ್ಯಾರಿಗಳು, ಕೊಂಕಣಿಯವರು, ಎಲ್ಲ ಮನೆಯ ಹೆಂಗಸರೂ ಅಲ್ಲಿಗೆ ಬರುವವರೇ. ಬಟ್ಟೆ ಕೊಟ್ಟು ಸುಮ್ಮನೆ ಹೋಗುವವರು ಕಡಿಮೆ. ಕೂತು ನಾಲ್ಕು ಮಾತಾಡದೆ ಯಾರಿಗೂ ಸಮಾಧಾನ ಇಲ್ಲ.

ಸಂದೇಶ ಬಂದ ದಿನ ಸಂಜೆ ಆ ವಾರ್ಡಿನ ಆಶಾ ಕಾರ್ಯಕರ್ತೆ ಹಫ್ಸ ಬಂದಳು. ರಂಜಾನ್ ಉಪವಾಸ ಹಿಡಿದೇ ಬಿಸಿಲಲ್ಲಿ ಮನೆಮನೆ ಸುತ್ತುತ್ತಿದ್ದವಳು. ಅಂಗಳದಲ್ಲೇ ನಿಂತು ಕಿಟಕಿಯ ಕಡೆಗೆ ಕರೆದಳು.

“ನೀಲಾವತಿ ಅಕ್ಕ, ಉಸಿರಾಡ್ಲಿಕ್ಕೆ ಕಷ್ಟ ಉಂಟಾ? ಊಟ ಸೇರ್ತದಾ?”

“ಸೇರ್ತದೆ. ಉಸಿರಿಗೆ ತೊಂದರೆ ಇಲ್ಲ.”

“ಹಾಗಾದ್ರೆ ಸರಿ. ನಿಮ್ಮ ಹತ್ತಿರ ಯಾರೆಲ್ಲ ಬಂದಿದ್ರು, ಹೇಳಿ. ಅವರಿಗೂ ಪರೀಕ್ಷೆ ಮಾಡ್ಬೇಕು.”

ಜಗಲಿಯಲ್ಲಿ ನಿಂತಿದ್ದ ಕಮಲಾಕ್ಷ ಬಾಯಿ ಹಾಕಿದ. “ಯಾರೂ ಬರಲಿಲ್ಲ. ಈ ಮನೆಯಲ್ಲಿ ನಾವಿಬ್ಬರೇ.”

“ಅಂಗಡಿಗೆ?”

“ಅಂಗಡಿ ಮುಚ್ಚಿತ್ತು.”

ನೀಲಾವತಿ ಕಿಟಕಿಯಿಂದ ಹಿಂದೆ ಸರಿದಳು. ಹಫ್ಸ ಸ್ವಲ್ಪ ಹೊತ್ತು ಕಿಟಕಿಯನ್ನೇ ನೋಡಿದಳು.

“ಹೆದರಿಕೆ ಯಾಕೆ ಅಂತ ನನಗೆ ಗೊತ್ತುಂಟು ಅಣ್ಣ,” ಎಂದಳು.

“ಎಂತ ಗೊತ್ತುಂಟು? ಕಳೆದ ವರ್ಷ ನಮ್ಮ ಪಕ್ಕದವರ ಹೆಸರು, ಫೋಟೊ ಎಲ್ಲ ವಾಟ್ಸಾಪಿನಲ್ಲಿ ಓಡಿತಲ್ಲ! ಆಮೇಲೆ ಅವರ ಅಂಗಡಿಗೆ ಒಂದು ಕಾಗೆಯೂ ಹೋಗಲಿಲ್ಲ. ನಾನು ರಿಕ್ಷಾ ಓಡಿಸುವವ. ನನ್ನ ರಿಕ್ಷಾಕ್ಕೆ ಯಾರು ಹತ್ತುತ್ತಾರೆ?”

“ಅದು ತಪ್ಪೇ. ಯಾರು ಮಾಡಿದ್ದಾದ್ರೂ ತಪ್ಪೇ. ‘ನಿಮ್ಮವರಿಂದಲೇ ಬಂತು’ ಅಂತ ನನ್ನನ್ನೂ ಆಗ ಗೇಟಿನ ಹೊರಗೆ ನಿಲ್ಲಿಸಿದವರಿದ್ದಾರೆ. ಅದಕ್ಕೇ ಹೇಳ್ತೇನೆ, ನಿಮ್ಮ ಹೆಸರು ನನ್ನ ಬಾಯಿಂದ ಹೊರಗೆ ಬರುವುದಿಲ್ಲ. ‘ಪಾಸಿಟಿವ್ ಆದವರ ಹತ್ತಿರ ನೀವು ಇದ್ರಿ’ ಅಂತ ಮಾತ್ರ ಹೇಳ್ತೇನೆ.”

ಕಮಲಾಕ್ಷ ಮುಖ ತಿರುಗಿಸಿದ. ಹಫ್ಸ ಮಾತ್ರೆಯ ಪೊಟ್ಟಣವನ್ನು ಕಿಟಕಿಯ ದಂಡೆಯಲ್ಲಿಟ್ಟು, ನೆನಪಾದರೆ ಫೋನ್ ಮಾಡಿ ಎಂದು ಹೊರಟಳು.

ನೀಲಾವತಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆದಳು. ಮರುದಿನ ಬೆಳಿಗ್ಗೆಯೂ ಅದೇ. ಕಣ್ಣು ಮುಚ್ಚಿದರೆ ನಿಖಿತಾ ಬಂದು ನಿಲ್ಲುತ್ತಿದ್ದಳು. ಏಳು ತಿಂಗಳ ಬಸುರಿ. ಸೀಮಂತದ ಬ್ಲೌಸಿಗೆ ಅಳತೆ ಕೊಡಲು ಬಂದಿದ್ದಳು. ಜ್ವರ ಬರುವ ಹಿಂದಿನ ದಿನವದು. ಸೆಕೆ ಎಂದು ಇಬ್ಬರೂ ಮಾಸ್ಕ್ ಕೆಳಗೆ ಜಾರಿಸಿದ್ದರು. ಕುತ್ತಿಗೆಗೆ ಟೇಪು ಹಿಡಿದಾಗ ಹುಡುಗಿಯ ಉಸಿರು ತನ್ನ ಕೆನ್ನೆಗೆ ತಾಗಿದ್ದು ನೀಲಾವತಿಗೆ ನೆನಪಿತ್ತು.

ತಡೆಯಲಾರದೆ ನಿಖಿತಾಳಿಗೆ ಫೋನ್ ಮಾಡಿದಳು. ವಿಷಯ ಹೇಳಲು ನಾಲಿಗೆ ಏಳಲಿಲ್ಲ. “ಬ್ಲೌಸು ಸ್ವಲ್ಪ ತಡ ಆಗ್ತದೆ ಮಾರಾಯ್ತಿ,” ಎಂದಳು.

“ಅಡ್ಡಿಯಿಲ್ಲ ಅಕ್ಕ. ನಾನು ಹೇಗೂ ನಾಳೆ ಪೊಳಲಿಯ ಅಜ್ಜಿಮನೆಗೆ ಹೋಗ್ತೇನೆ. ಅಜ್ಜಿಗೆ ನನ್ನನ್ನು ನೋಡ್ಬೇಕಂತೆ. ನಾಲ್ಕು ದಿನ ಅಲ್ಲೇ ಇರ್ತೇನೆ.”

ನೀಲಾವತಿ ಫೋನ್ ಇಟ್ಟಳು. ಬಾಗಿಲಿನ ಒಳಗಿನಿಂದಲೇ ಗಂಡನನ್ನು ಕರೆದಳು.

“ನಾನು ಹಫ್ಸಳಿಗೆ ಹೇಳ್ತೇನೆ.”

“ಹೇಳಿದ್ರೆ ಅಂಗಡಿ ಮುಗೀತು. ಮತ್ತೆ ನನ್ನನ್ನು ಕೇಳ್ಬೇಡ.”

“ಅಂಗಡಿ ಹೋದ್ರೆ ಮನೆಯಲ್ಲೇ ಕೂತು ಹೊಲಿತೇನೆ. ಆ ಹುಡುಗಿಗೆ, ಅವಳ ಅಜ್ಜಿಗೆ ಏನಾದ್ರೂ ಆದ್ರೆ ನಾನು ಯಾವ ಮುಖ ಹೊತ್ತುಕೊಂಡು ಪೇಟೆಯಲ್ಲಿ ನಡೆಯುವುದು? ನೀವೇ ಹೇಳಿ.”

ನೀಲಾವತಿ ಹಫ್ಸಳ ನಂಬರು ಒತ್ತಿದಳು.

“ಸುಳ್ಳು ಹೇಳಿದೆವು ಮಾರಾಯ್ತಿ. ಅಂಗಡಿ ತೆರೆದಿತ್ತು,” ಎಂದು ನಿಖಿತಾಳ ವಿಷಯವನ್ನೆಲ್ಲ ಹೇಳಿದಳು.

ಹಫ್ಸ ಬೈಯಲಿಲ್ಲ. “ಈಗ ಹೇಳಿದ್ರಲ್ಲ, ಸಾಕು. ಇನ್ನೂ ಯೋಚನೆ ಮಾಡಿ ಅಕ್ಕ. ಜ್ವರ ಬರುವ ಎರಡು ದಿನ ಮೊದಲೇ ಇದು ಹರಡ್ಲಿಕ್ಕೆ ಶುರುವಾಗ್ತದೆ. ಬಾಗಿಲಲ್ಲಿ ಬಟ್ಟೆ ಕೊಟ್ಟು ಹೋದವರ ಬಗ್ಗೆ ಅಷ್ಟು ಚಿಂತೆ ಇಲ್ಲ. ಒಳಗೆ ಹತ್ತಿರ ಕೂತವರು ಯಾರು? ಒಟ್ಟಿಗೆ ಕೆಲಸ ಮಾಡಿದವರು?”

ಆಗ ನೀಲಾವತಿಗೆ ಜೈನಬಮ್ಮನ ನೆನಪಾಯಿತು. ಬ್ಲೌಸಿಗೆ ಹುಕ್ಕು, ಸೀರೆಗೆ ಫಾಲ್ ಹೊಲಿಯುವ ಮುದುಕಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದ ಸ್ಟೂಲಿನಲ್ಲೇ ಇರುತ್ತಿದ್ದವರು. ಹೊರಗಿನವರೆಲ್ಲ ಮನಸ್ಸಿಗೆ ಬಂದಿದ್ದರು, ಒಳಗಿನವರೇ ಬಂದಿರಲಿಲ್ಲ.

“ಅಯ್ಯೋ! ಜೈನಬಮ್ಮ!”

“ಯಾರು, ಸಕ್ಕರೆ ಕಾಯಿಲೆ ಇರುವವರಾ? ನಾನು ಈಗಲೇ ಹೋಗ್ತೇನೆ,” ಎಂದು ಹಫ್ಸ ಫೋನ್ ಇಟ್ಟಳು.

ಕಾಯುವುದೆಂದರೆ ಏನೆಂದು ನೀಲಾವತಿಗೆ ಅಂದು ತಿಳಿಯಿತು. ಮೊಬೈಲು ಕೈಯಲ್ಲಿ ಹಿಡಿಯುವುದು, ಇಡುವುದು, ಮತ್ತೆ ಹಿಡಿಯುವುದು. ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಕಿಟಕಿಯ ಸರಳು ಹಿಡಿದು ನಿಂತಳು.

ಕೊನೆಗೆ ಹಫ್ಸಳ ಫೋನ್ ಬಂತು. “ಅಕ್ಕ, ಜೈನಬಮ್ಮ ಮಲಗಿದ್ರು. ಉಪವಾಸದ ಸುಸ್ತು ಅಂತ ಮನೆಯವರು ಸುಮ್ಮನಿದ್ರು. ಜ್ವರ ಇಲ್ಲ, ಕೆಮ್ಮೂ ಇಲ್ಲ. ಬೆರಳಿಗೆ ಮೆಷಿನ್ ಹಾಕಿ ನೋಡಿದ್ರೆ ಆಕ್ಸಿಜನ್ ತುಂಬ ಇಳಿದಿತ್ತು. ಆಸ್ಪತ್ರೆಗೆ ಸೇರಿಸಿದೆವು. ಒಂದು ದಿನ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟರ್.”

ನೀಲಾವತಿ ಗೋಡೆಗೆ ಒರಗಿ ಅತ್ತಳು. ಆ ಸದ್ದು ಕೇಳಿ ಕಮಲಾಕ್ಷ ಬಾಗಿಲ ಹೊರಗೆ ಬಂದು ನಿಂತ. ಅವಳು ಒಳಗಿನಿಂದಲೇ ವಿಷಯ ಹೇಳಿದಳು. ಆಮೇಲೆ ತನ್ನ ಮೊಬೈಲಿನಿಂದ ತಾನೇ ಹಫ್ಸಳಿಗೆ ಫೋನ್ ಮಾಡಿದ.

“ನಾನೂ ಒಂದು ಹೇಳ್ಲಿಕ್ಕುಂಟು. ಇವಳಿಗೆ ಜ್ವರ ಇದ್ದ ದಿನವೂ ರಿಕ್ಷಾ ಓಡಿಸಿದ್ದೇನೆ. ನಮ್ಮ ಓಣಿಯ ಸೇಸಮ್ಮನನ್ನು ಡಯಾಲಿಸಿಸಿಗೆ ಕರೆದುಕೊಂಡು ಹೋದದ್ದು ನಾನೇ. ನನಗೂ ಪರೀಕ್ಷೆ ಮಾಡಿಸಿ.”

ಪರೀಕ್ಷೆಯಲ್ಲಿ ಕಮಲಾಕ್ಷನಿಗೂ ಸೇಸಮ್ಮನಿಗೂ ಏನೂ ಇರಲಿಲ್ಲ. ಆದರೂ ಹಫ್ಸ ಹೇಳಿದಷ್ಟು ದಿನ ರಿಕ್ಷಾ ಅಂಗಳದಿಂದ ಕದಲಲಿಲ್ಲ. ನಿಖಿತಾಳಿಗೆ ಪಾಸಿಟಿವ್ ಬಂತು. ಬರೀ ಗಂಟಲು ನೋವಷ್ಟೇ. ಡಾಕ್ಟರ್ ದಿನವೂ ಫೋನಿನಲ್ಲಿ ವಿಚಾರಿಸುತ್ತಿದ್ದರು. ಪೊಳಲಿಗೆ ಹೋಗುವುದು ನಿಂತಿತು, ಅಜ್ಜಿ ಉಳಿದರು. ಹಫ್ಸ ಹೆಸರು ಹೇಳಿರಲಿಲ್ಲ. ಆದರೆ ಹುಡುಗಿಗೆ ಊಹೆ ಇತ್ತು.

“ಅಕ್ಕ, ನೀವೇ ಅಲ್ವಾ?” ಎಂದು ಫೋನಿನಲ್ಲಿ ಕೇಳಿದಳು.

“ಹೌದು. ಆ ದಿನ ಫೋನಿನಲ್ಲೇ ಹೇಳ್ಬೇಕಿತ್ತು, ಹೇಳ್ಲಿಕ್ಕೆ ಆಗ್ಲಿಲ್ಲ.”

“ಅತ್ತೆಗೆ ಕೋಪ ಉಂಟು. ಇರ್ಲಿ. ಅಜ್ಜಿ ಚೆನ್ನಾಗಿದ್ದಾರಲ್ಲ.”

ಆ ಅತ್ತೆ ಮತ್ತೆ ನೀಲಾವತಿಯ ಅಂಗಡಿಗೆ ಬಟ್ಟೆ ಕೊಡಲಿಲ್ಲ. ಇನ್ನೂ ಇಬ್ಬರು ಮೂವರು ಬೇರೆ ಟೈಲರನ್ನು ಹುಡುಕಿಕೊಂಡರು. ಉಳಿದವರು ಬಂದರು.

ಮಳೆಗಾಲ ಹಿಡಿದ ಮೇಲೆ ಜೈನಬಮ್ಮ ಮೆಟ್ಟಿಲು ಹತ್ತಿ ಅಂಗಡಿಗೆ ಬಂದರು. ಸೊರಗಿದ್ದರು, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡರು. ಅವರು ಒಳಗೆ ಬಂದು ಕೂತ ಮೇಲೆ ನೀಲಾವತಿ ನಡೆದದ್ದನ್ನೆಲ್ಲ ಹೇಳಿದಳು. ಜೈನಬಮ್ಮ ಅವಳ ಕೈ ಹಿಡಿದರು.

“ನನ್ನ ಹೆಸರು ಹೇಳ್ಲಿಕ್ಕೆ ಯಾಕೆ ಮಗಾ ಅಷ್ಟು ತಡ ಮಾಡಿದೆ?”

ಈ ಕತೆ ಕೇಳಿದ ನಮ್ಮ ಸಂಘದ ಅಕ್ಕ ತಂಗಿಯರೇ, ಅಣ್ಣಂದಿರೇ, ಆ ಮುದುಕಿಯ ಪ್ರಶ್ನೆ ನಮ್ಮೆಲ್ಲರಿಗೂ ಸೇರಿದ್ದು. ಅಂಟುರೋಗ ಬಂದಾಗ ಆರೋಗ್ಯ ಕಾರ್ಯಕರ್ತೆ ನಿಮ್ಮ ಬಾಗಿಲಿಗೆ ಬಂದು “ಯಾರ ಹತ್ತಿರ ಇದ್ರಿ?” ಎಂದು ಕೇಳಿದರೆ ಮುಚ್ಚಿಡಬೇಡಿ. ಗಿರಾಕಿಗಳನ್ನು ನೆನೆಯುವಾಗ ನಿಮ್ಮ ಮಗ್ಗುಲಲ್ಲೇ ಕೂತವರನ್ನು ಮರೆಯಬೇಡಿ. ರೋಗ ಬಂದವರ ಹೆಸರು ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಅಲ್ಲೇ ಅಳಿಸಿ. ಮತ್ತೆ, ಹೇಳುವುದನ್ನು ನಾಳೆಗೆ ಇಡಬೇಡಿ. ಇವತ್ತೇ ಹೇಳಿ.