ಓದದೆ ಕೊಟ್ಟ ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ನಾನು ಸುಳ್ಳುಬುರುಕಿ. ದೊಡ್ಡ ಸುಳ್ಳು ಹೇಳುವ ಎದೆಗಾರಿಕೆ ನನಗಿಲ್ಲ. ನನ್ನದೆಲ್ಲ ಪೆನ್ಸಿಲ್ಲಿನಲ್ಲಿ ಬರೆಯುವಷ್ಟು ಸಣ್ಣದು.

ನಮ್ಮ ಸಭೆಯ ಹಿಂದಿನ ಗೋಡೆಗೆ ಪಾಸ್ಟರಮ್ಮ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಎಡಗಡೆ ಹೆಂಗಸರೆಲ್ಲರ ಹೆಸರು, ಬಲಗಡೆ ಖಾಲಿ ಚೌಕಗಳು. ಪಕ್ಕದ ಬೀರುವಿನಿಂದ ಒಂದು ಒಳ್ಳೆಯ ಪುಸ್ತಕ ತೆಗೆದುಕೊಂಡು ಹೋಗಿ ಓದಿ ಮುಗಿಸಿದವರು ತಮ್ಮ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಬೇಕು. "ಕೆಲಸದ ಹೊತ್ತು ಮಾತ್ರ ದೇವರದ್ದು, ಬಿಡುವು ನಮ್ಮದು ಅಂದ್ಕೋಬೇಡಿ. ಬಿಡುವನ್ನೂ ಆತನೇ ಕೊಟ್ಟಿರೋದು" ಎಂದು ಪಾಸ್ಟರಮ್ಮ ಹೇಳಿದ ದಿನ ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದವಳು ನಾನೇ.

ಒಂಬತ್ತು ತಿಂಗಳಲ್ಲಿ ನನ್ನ ಹೆಸರಿನ ಮುಂದೆ ಒಂಬತ್ತು ಗುರುತು ಬಿದ್ದವು. ಇಡೀ ಸಭೆಗೆ ನಾನೇ ಮುಂದೆ. ಓದಿದ್ದು ಎಷ್ಟು ಅಂತ ಕೇಳಿದರೆ ಒಂದೂ ಇಲ್ಲ. ಮೊದಲ ಪುಟ, ಕೊನೆಯ ಪುಟ, ಹಿಂದಿನ ರಟ್ಟಿನ ಮೇಲಿನ ನಾಲ್ಕು ಸಾಲು, ಇಷ್ಟರಲ್ಲೇ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದೆ. "ಏನು ಸಿಕ್ಕಿತಮ್ಮ ಈ ಪುಸ್ತಕದಲ್ಲಿ?" ಅಂತ ಪಾಸ್ಟರಮ್ಮ ಕೇಳಿದರೆ, "ದೇವರ ಪ್ರೀತಿ ಎಷ್ಟು ದೊಡ್ಡದು ಅಂತ ಗೊತ್ತಾಯ್ತಮ್ಮ" ಅನ್ನುತ್ತಿದ್ದೆ. ಒಂಬತ್ತು ಪುಸ್ತಕಕ್ಕೂ ಅದೇ ಉತ್ತರ ಸರಿಹೋಯಿತು!

ಓದುವುದಕ್ಕೆ ಹೊತ್ತಿರಲಿಲ್ಲ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ನಾಲ್ಕು ಮೆಷಿನ್ನು, ಒಂದು ಇಸ್ತ್ರಿ ಮೇಜು, ಒಂದು ಸ್ಟೂಲು, ನಾನು. ಆಸ್ಪತ್ರೆಯ ಹಾಸಿಗೆ ಬಟ್ಟೆ ತುಂಬಿ ಗುಂಡಿ ಒತ್ತಿದರೆ ಮೆಷಿನ್ನು ಐವತ್ತು ನಿಮಿಷ ತಿರುಗುತ್ತದೆ. ಮುಂದಿನ ಗಂಟು ಬಿಚ್ಚಿ ವಿಂಗಡಿಸುವುದಕ್ಕೆ ಹತ್ತು ನಿಮಿಷ ಸಾಕು. ಉಳಿದ ನಲವತ್ತು ನಿಮಿಷ ಫೋನು ಹಿಡಿದು ಕೂರುತ್ತಿದ್ದೆ. ಯಾರೋ ತಮ್ಮ ಅಡುಗೆಮನೆ ತೊಳೆಯುವುದನ್ನು ನೋಡುವುದು, ಇನ್ಯಾರೋ ಜಗಳವಾಡುವುದನ್ನು ನೋಡುವುದು. ದಿನವಿಡೀ ಊರವರ ಬಟ್ಟೆ ತೊಳೆಯುವವಳಿಗೆ ಕಂಡವರ ಅಡುಗೆಮನೆ ತೊಳೆಯುವುದನ್ನು ನೋಡುವ ಹುಚ್ಚು ಯಾಕೋ, ದೇವರೇ ಬಲ್ಲ.

ಆ ಒಂಬತ್ತು ಗುರುತುಗಳು ಈಗ ಹಾಳೆಯ ಮೇಲಿಲ್ಲ. ನಾನೇ ರಬ್ಬರ್ ತೆಗೆದುಕೊಂಡು ಹೋಗಿ ಉಜ್ಜಿಬಿಟ್ಟೆ. ಯಾಕೆ ಅಂತ ಹೇಳಬೇಕಾದರೆ ನನ್ನ ನಾದಿನಿಯ ವಿಷಯ ಹೇಳಬೇಕು.

ನಾದಿನಿ ನನ್ನ ಗಂಡನಿಗೆ ಒಬ್ಬಳೇ ತಂಗಿ. ನಾನು ಮದುವೆಯಾಗಿ ಬಂದಾಗ ಅವಳಿಗೆ ಹನ್ನೊಂದು ವರ್ಷ. ಅವಳಿಗೆ ಜಡೆ ಹಾಕಿದವಳು, ಪರೀಕ್ಷೆಯ ದಿನ ಕಿವಿ ಹಿಂಡಿ ಎಬ್ಬಿಸಿದವಳು ನಾನು. ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸಕ್ಕೆ ಸೇರಿದಳು. ಕರೆಂಟಿನ ಕಂಬ ಹತ್ತುವ ಒಳ್ಳೆಯ ಹುಡುಗನನ್ನು ಮದುವೆಯಾಗಿ ನಮ್ಮ ಮನೆಯಿಂದ ಮೂರು ಬೀದಿ ಆಚೆಗೆ ಹೋದಳು. ಆರು ವರ್ಷ ಕಾದ ಮೇಲೆ ಒಂದು ಹೆಣ್ಣುಮಗು ಹುಟ್ಟಿತು. ಒಂಬತ್ತು ದಿನ ಬದುಕಿತು.

ಅದಾದ ಮೇಲೆ ಅವಳು ಅಂಗಡಿಗೆ ಹೋಗಲಿಲ್ಲ, ಸಭೆಗೂ ಬರಲಿಲ್ಲ. ಅವಳ ಮುಂದೆ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು. ಹವೆಯ ವಿಷಯ, ಬಸ್ಸಿನ ವಿಷಯ, ನೆಂಟರ ವಿಷಯ ಮಾತಾಡುತ್ತಿದ್ದೆವು, ಮಗು ಅನ್ನುವ ಪದವನ್ನೇ ತೆಗೆಯುತ್ತಿರಲಿಲ್ಲ. ಗಾಯ ಕೆದಕಬಾರದು ಅಂತ. ಎಂಟು ತಿಂಗಳಾಗುವ ಹೊತ್ತಿಗೆ ಅವಳು ಗೋಡೆ ನೋಡಿಕೊಂಡು "ಹೂಂ" ಅನ್ನುವುದು ಬಿಟ್ಟರೆ ಮಾತೇ ಇರಲಿಲ್ಲ. ಅವಳ ಗಂಡ ಒಂದು ದಿನ ನಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಮನೇಲಿ ಅವಳಿದಾಳೆ, ಆದ್ರೆ ಇಲ್ಲ" ಅಂದ.

ಹೋಗಿ ನೋಡಬೇಕು, ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು? ಬೀರುವಿನಿಂದ ಹತ್ತನೆಯ ಪುಸ್ತಕ ತಂದಿಟ್ಟುಕೊಂಡಿದ್ದೆ. ರಟ್ಟಿನ ಮೇಲೆ ಹೂವಿನ ಬುಟ್ಟಿಯ ಚಿತ್ರ. ಮೊದಲ ಪುಟದಲ್ಲಿ ಒಬ್ಬ ಗಡಿಯಾರ ರಿಪೇರಿಯವನು ಬೆಳಗ್ಗೆ ಎದ್ದು ಅಂಗಡಿ ತೆರೆಯುತ್ತಾನೆ, ಕೊನೆಯ ಪುಟದಲ್ಲಿ ದೇವರಿಗೆ ವಂದನೆ ಹೇಳುತ್ತಾನೆ. ಸಾಕಲ್ಲ? ಅದನ್ನೇ ತೆಗೆದುಕೊಂಡು ಹೋಗಿ ಅವಳ ಕೈಗಿಟ್ಟೆ.

"ನಾನು ಓದಿದೆ ಕಣೇ. ಓದ್ತಾ ಓದ್ತಾ ನೀನೇ ನೆನಪಾದೆ," ಅಂದೆ. ಅಭ್ಯಾಸಬಲ, ನಾಲಿಗೆ ತಾನಾಗಿ ಹೊರಳಿತು.

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಎಷ್ಟೋ ತಿಂಗಳಿಂದ ಹಾಗೆ ನೋಡಿರಲಿಲ್ಲ. "ನನಗೋಸ್ಕರ ಓದಿದ್ರಾ ಅತ್ತಿಗೆ?"

"ಮತ್ತೆ?" ಅಂದೆ. ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಒಳ್ಳೆಯ ಕೆಲಸ ಮಾಡಿದೆ ಅಂತ ಬೀಗುತ್ತಾ ಮನೆಗೆ ಬಂದೆ.

ಮೂರು ವಾರ ಕಳೆದ ಮೇಲೆ ಒಂದು ಗುರುವಾರ ಬೆಳಗ್ಗೆ ಪಾಸ್ಟರಮ್ಮ ಪರದೆ ಬಟ್ಟೆಗಳ ಗಂಟು ಹೊತ್ತು ಲಾಂಡ್ರಿಗೆ ಬಂದರು. ಗಂಟು ಇಳಿಸಿ, ನನ್ನ ಕೈ ಹಿಡಿದುಕೊಂಡು, "ನಿನ್ನ ಧೈರ್ಯ ದೊಡ್ಡದು ಕಣಮ್ಮ" ಅಂದರು.

"ಯಾವ ಧೈರ್ಯ ಅಮ್ಮ?"

"ಆ ಹೂವಿನ ಬುಟ್ಟಿ ಪುಸ್ತಕ ನಾದಿನಿಗೆ ಕೊಟ್ಟಿದೀಯಂತೆ, ನಿಮ್ಮ ಯಜಮಾನ್ರು ಹೇಳಿದ್ರು. ನಾನೂ ಅವಳಿಗೇ ಅಂತ ಎರಡು ಸಲ ತೆಗೆದು, ಎರಡು ಸಲಾನೂ ವಾಪಸ್ ಇಟ್ಟೆ. ಅದರಲ್ಲಿ ಮಗು ತೀರಿಹೋಗೋ ಭಾಗ ಇದೆಯಲ್ಲ, ನನಗೆ ಕೈ ಬರಲಿಲ್ಲ. ನೀನು ಓದಿದವಳು, ಅವಳು ತಡ್ಕೋತಾಳೆ ಅಂತ ಯೋಚಿಸಿಯೇ ಕೊಟ್ಟಿರ್ತೀಯ."

"ಯಾವ ಮಗು?" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆ ಪುಸ್ತಕದ ಇನ್ನೊಂದು ಪ್ರತಿ ಸಿಗುತ್ತದೆಯೇ ಅಂತ ಕೇಳಿದೆ. ಬಸ್ಸಿನಲ್ಲಿ ಮತ್ತೊಮ್ಮೆ ಓದುತ್ತಿದ್ದೇನೆ ಅನ್ನುತ್ತಾ ಅವರು ಚೀಲದಿಂದಲೇ ತೆಗೆದರು. ನನ್ನ ಮುಖ ನೋಡಿದವರಿಗೆ ಏನು ಹೊಳೆಯಿತೋ, ಪುಸ್ತಕ ಮೇಜಿನ ಮೇಲಿಟ್ಟು ಹೊರಟುಹೋದರು.

ನಾದಿನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವಳು ಫೋನ್ ಎತ್ತುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಓಡಿಹೋಗೋಣವೆಂದರೆ ನಾಲ್ಕೂ ಮೆಷಿನ್ನು ತಿರುಗುತ್ತಿದ್ದವು, ಅಂಗಡಿಯ ಯಜಮಾನ ಬರುವುದು ನಾಲ್ಕು ಗಂಟೆಗೆ. "ಯೇಸಪ್ಪಾ, ಅವಳೂ ನನ್ನ ಹಾಗೇ ಸೋಮಾರಿಯಾಗಿರಲಿ, ಪುಸ್ತಕ ತೆರೆಯದೇ ಇರಲಿ" ಅಂತ ಬೇಡಿಕೊಂಡೆ. ನಗಬೇಡಿ, ಅಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ಪ್ರಾರ್ಥನೆಯನ್ನೂ ಮಾಡಿದವಳಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು ಓದತೊಡಗಿದೆ. ಅವಳ ಕೈಗೆ ಏನು ಕೊಟ್ಟಿದ್ದೇನೆ ಅಂತ ನನಗೂ ಗೊತ್ತಾಗಬೇಕಿತ್ತು.

ಗಡಿಯಾರ ರಿಪೇರಿಯವನಿಗೆ ನಾಲ್ಕು ವರ್ಷದ ಮಗ. ಐದನೆಯ ಅಧ್ಯಾಯದಲ್ಲಿ ಅವನಿಗೆ ಜ್ವರ ಬರುತ್ತದೆ, ಆರನೆಯದರಲ್ಲಿ ತೀರಿಕೊಳ್ಳುತ್ತಾನೆ. ಬರೆದವರು ಅಲ್ಲಿ ಸಮಾಧಾನದ ಒಂದು ಮಾತನ್ನೂ ಹೇಳಿಲ್ಲ. ಅಪ್ಪ ದೇವರ ಮೇಲೆ ಸಿಟ್ಟಾಗುತ್ತಾನೆ, ಬಾಯಿಗೆ ಬಂದದ್ದು ಬೈಯುತ್ತಾನೆ, ಬೈಯುವುದಕ್ಕೂ ಮಂಡಿಯೂರಿಯೇ ಕೂರುತ್ತಾನೆ. ಆಮೇಲೆ ತನ್ನ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಯ ಮನೆಮನೆಗೂ ಹೋಗಿ ಕೇಳುತ್ತಾನೆ, ನನ್ನ ಮಗನ ವಿಷಯ ನಿಮಗೆ ಏನಾದರೂ ನೆನಪಿದ್ದರೆ ಹೇಳಿ ಅಂತ. ಚಪ್ಪಲಿ ಹೊಲಿಯುವವನು ಹೇಳುತ್ತಾನೆ: ಹುಡುಗ ದಿನಾ ಬಂದು, ಹರಿಯದ ತನ್ನ ಚಪ್ಪಲಿಯನ್ನೇ ಮುಂದಿಟ್ಟು "ಹೊಲಿದುಕೊಡು" ಅನ್ನುತ್ತಿದ್ದ, ನನ್ನ ಪಕ್ಕ ಕೂರುವುದಕ್ಕೆ ಒಂದು ನೆಪ ಬೇಕಿತ್ತು ಅವನಿಗೆ. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಅಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಯಾರದೋ ಟವೆಲ್ ತೆಗೆದು ಮುಖ ಮುಚ್ಚಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಮೆಷಿನ್ನುಗಳು ಯಾವಾಗ ನಿಂತವೋ ತಿಳಿಯಲಿಲ್ಲ. ಆಸ್ಪತ್ರೆಯ ಗಾಡಿಯವನು ಬಂದು ಮೇಜು ಕುಟ್ಟಿದಾಗಲೇ ಎಚ್ಚರವಾದದ್ದು.

ನಾಲ್ಕು ಗಂಟೆಗೆ ನಾದಿನಿಯ ಮನೆಗೆ ಓಡಿದೆ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಪುಸ್ತಕ ಮುಂದೆಯೇ ಇತ್ತು, ಮುಚ್ಚಿತ್ತು. ಅಂಚುಗಳು ಮುದುರಿದ್ದು ನೋಡಿದರೆ ಹಲವು ಸಲ ಓದಿದ ಹಾಗಿತ್ತು.

"ಅದನ್ನ ಕೊಡು ಇಲ್ಲಿ," ಅಂದೆ ಏದುಸಿರು ಬಿಡುತ್ತಾ.

"ಯಾಕೆ ಅತ್ತಿಗೆ? ಇದನ್ನ ಕೊಟ್ಟಿದ್ದಕ್ಕೆ ನಿಮಗೆ ಏನು ಹೇಳಬೇಕೋ ಗೊತ್ತಾಗ್ತಿರಲಿಲ್ಲ. ಎಲ್ಲರೂ ಅಳಬೇಡ ಅಳಬೇಡ ಅಂತಾರೆ. ನೀವೊಬ್ಬರೇ ಗೊತ್ತಿದ್ದೂ ಗೊತ್ತಿದ್ದೂ ಇಂಥದ್ದು ತಂದುಕೊಟ್ರಿ. ಮೂರು ವಾರದಿಂದ ಅದೇ ಅಂದ್ಕೊಳ್ತಿದೀನಿ. ನನ್ನ ಹೊಟ್ಟೆಯೊಳಗಿನ ಸಂಕಟ ಅತ್ತಿಗೆಗಾದ್ರೂ ಗೊತ್ತಾಗಿದೆ ಅಂತ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆ ಹೊಗಳಿಕೆ ಹೊತ್ತುಕೊಂಡು ಮನೆಗೆ ಹೋಗಬಹುದಿತ್ತು. ಅವಳ ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಜೀವ ಕಾಣುತ್ತಿತ್ತು, ಅದನ್ನು ನನ್ನ ಕೈಯಾರೆ ಆರಿಸಬೇಕಿತ್ತು. ಆದರೆ ಅಷ್ಟು ಹೊತ್ತು ಆ ಗಡಿಯಾರದವನ ಜೊತೆ ಮನೆಮನೆ ಸುತ್ತಿ ಬಂದವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನು ಓದಿರಲಿಲ್ಲ ಕಣೇ," ಅಂದೆ. "ರಟ್ಟಿನ ಮೇಲೆ ಹೂವು ಚೆನ್ನಾಗಿತ್ತು ಅಂತ ತಂದುಕೊಟ್ಟೆ. ಒಳಗೆ ಏನಿದೆ ಅಂತ ನನಗೆ ಗೊತ್ತೇ ಇರಲಿಲ್ಲ."

ಅವಳು ಮುಖ ತಿರುಗಿಸಿಕೊಂಡಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ಹಾಗಾದ್ರೆ ಯಾರಿಗೂ ಗೊತ್ತಾಗಿರಲಿಲ್ಲ," ಅಂದಳು ಗೋಡೆಯ ಕಡೆ ನೋಡುತ್ತಾ.

"ಇಲ್ಲ. ತಪ್ಪಾಯ್ತು ಕಣಮ್ಮ, ದೊಡ್ಡ ತಪ್ಪಾಯ್ತು. ಇವತ್ತು ಓದಿದೆ. ಬೆಳಗ್ಗೆಯಿಂದ ಕೂತು ಪೂರ್ತಿ ಓದಿದೆ."

"ಇದೂ ಸುಳ್ಳೇನೋ."

"ಕೇಳು, ಬೇಕಾದ್ದು ಕೇಳು."

ಅವಳು ನನ್ನ ಕಡೆ ತಿರುಗಿದಳು. "ಓದ್ತಾ ಎಲ್ಲಿ ಅತ್ತಿರಿ?"

"ಹುಡುಗ ಹೋದಾಗ ಅಳಲಿಲ್ಲ, ಉಸಿರು ಕಟ್ಟಿದ ಹಾಗಾಗಿತ್ತು. ಚಪ್ಪಲಿ ಹೊಲಿಯೋನು ಹೇಳ್ತಾನಲ್ಲ, ಹರಿಯದೇ ಇದ್ರೂ ಹೊಲಿದುಕೊಡು ಅಂತಿದ್ದ ಅಂತ. ಅಲ್ಲಿ ಅತ್ತುಬಿಟ್ಟೆ."

"ನಾನೂ ಅಲ್ಲೇ," ಅಂದಳು. ಕುರ್ಚಿ ಎಳೆದು ನನ್ನನ್ನು ಎದುರಿಗೆ ಕೂರಿಸಿದಳು. ನನ್ನ ಎರಡೂ ಕೈ ಹಿಡಿದುಕೊಂಡಳು, ಬಿಡಿಸಿಕೊಳ್ಳಲಾರದಷ್ಟು ಬಿಗಿಯಾಗಿ.

"ನನಗೆ ಜ್ವರ ಬಂದು ಎಚ್ಚರ ಇರಲಿಲ್ಲವಲ್ಲ ಅತ್ತಿಗೆ, ಮೊದಲ ನಾಲ್ಕು ದಿನ. ಆಗ ನನ್ನ ಮಗಳು ನಿಮ್ಮ ಕೈಯಲ್ಲೇ ಇದ್ಲು. ನನಗೆ ಸಿಕ್ಕಿದ್ದು ಐದೇ ದಿನ. ಆ ನಾಲ್ಕು ದಿನದ್ದು ನೀವು ಒಂದು ಮಾತೂ ಹೇಳಲೇ ಇಲ್ಲ."

"ಹೇಳಿದ್ರೆ ನೀನು ಅಳ್ತೀಯ ಅಂತ..."

"ಹೇಳದೇ ಇದ್ದಾಗ ಅಳಲಿಲ್ಲ ಅಂದ್ಕೊಂಡ್ರಾ?"

ಎಂಟು ತಿಂಗಳು ಇವಳಿಗೆ ಸೇರಬೇಕಾದ ನಾಲ್ಕು ದಿನಗಳನ್ನು ನಾನು ಬಚ್ಚಿಟ್ಟುಕೊಂಡು ಕೂತಿದ್ದೆ, ಅದನ್ನೇ ಪ್ರೀತಿ ಅಂದುಕೊಂಡು.

"ಹೇಳಿ," ಅಂದಳು. "ಏನೂ ಬಿಡಬೇಡಿ."

ಹೇಳಿದೆ. ಸೀನಿದರೆ ಯಾವಾಗಲೂ ಎರಡು ಸಲ ಸೀನುತ್ತಿದ್ದಳು, ಮೊದಲನೆಯದಕ್ಕೆ ತಾನೇ ಬೆಚ್ಚಿಬೀಳುತ್ತಿದ್ದಳು. ಎದ್ದಾಗ ಮೊದಲು ಬಲಗಣ್ಣು ತೆರೆದು ನೋಡಿ, ಪರವಾಗಿಲ್ಲ ಅನ್ನಿಸಿದರೆ ಎಡಗಣ್ಣು ತೆರೆಯುತ್ತಿದ್ದಳು. ಸೋಪಿನಿಂದ ಬಿರುಕು ಬಿಟ್ಟ ನನ್ನ ಬೆರಳನ್ನು ಹಿಡಿದುಕೊಂಡರೆ ನಿದ್ದೆ ಬಂದರೂ ಬಿಡುತ್ತಿರಲಿಲ್ಲ. ಮೂರನೆಯ ದಿನ ಅವಳಿಗೆ ಸಭೆಯ ಹಾಡು ಹಾಡಿದೆ, ಮುಖ ಸಿಂಡರಿಸಿಬಿಟ್ಟಳು. "ಸಭೆಯವರೆಲ್ಲ ಮರ್ಯಾದೆಗೆ ಸುಮ್ಮನಿದಾರೆ, ನನ್ನ ರಾಗದ ವಿಷಯದಲ್ಲಿ ನಿಜ ಹೇಳಿದ್ದು ನಿನ್ನ ಮಗಳೊಬ್ಬಳೇ," ಅಂದೆ.

ನಾದಿನಿ ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು, ಅಳುತ್ತಲೇ ನನ್ನ ಕೈ ಅಲ್ಲಾಡಿಸಿದಳು.

"ಯಾವ ಹಾಡು ಅತ್ತಿಗೆ? ಹಾಡಿ. ಅವಳು ಕೇಳಿದ ಹಾಗೇ ಹಾಡಿ."