ಸೊಟ್ಟ ಹೊಲಿಗೆ

ಸೊಸೆ ತೋಳಿನ ತನಕ ಚರಂಡಿಗೆ ಕೈ ಹಾಕಿ ಎಳೆದಳು. ಮೊದಲು ಹಾಲಿನ ಕವರು ಬಂತು, ಆಮೇಲೆ ತರಕಾರಿ ಕವರು, ಅದರೊಳಗೆ ಗಂಟು ಹಾಕಿದ ಇನ್ನೊಂದು ಕವರು. ನೀರು ಗೊಳಗೊಳ ಇಳಿಯುವ ಹೊತ್ತಿಗೆ ಅವಳ ಹೊಲಿಗೆ ಅಂಗಡಿಯೊಳಗೆ ಆಗಬಾರದ್ದು ಆಗಿಹೋಗಿತ್ತು. ಮದುವೆಗೆಂದು ಹೊಲಿಯಲು ಕೊಟ್ಟಿದ್ದ ಬಿಳಿ ಬಟ್ಟೆ ಕೊಳಚೆಯಲ್ಲಿ ತೊಯ್ದು ಬಿದ್ದಿತ್ತು.

"ಇನ್ನೊಂದ್ಸಲ ಹೀಗಾದ್ರೆ ಅಂಗಡಿ ಮುಚ್ಚೋದೇ ಅತ್ತೆ. ಚರಂಡಿ ನೀರು ನುಗ್ಗೋ ಕಡೆ ಯಾರು ಬಟ್ಟೆ ಕೊಡ್ತಾರೆ?"

"ನಾನಂತೂ ಒಂದು ಕವರನ್ನೂ ಬಿಸಾಕಿದವಳಲ್ಲಮ್ಮ," ಎಂದಳು ಹೊಸ್ತಿಲಲ್ಲಿ ನಿಂತಿದ್ದ ಅತ್ತೆ.

ಅದು ನಿಜವೇ. ಮನೆಗೆ ಬಂದ ಕವರನ್ನೆಲ್ಲ ಅತ್ತೆ ತೊಳೆದು, ಒಣಗಿಸಿ, ಮಡಚಿ, ಒಂದು ದೊಡ್ಡ ಕವರಿಗೆ ತುಂಬಿ ಅಡುಗೆಮನೆ ಬಾಗಿಲ ಹಿಂದೆ ನೇತುಹಾಕುತ್ತಿದ್ದಳು. ಆ ಬಾಗಿಲು ಪೂರ್ತಿ ತೆರೆದು ವರ್ಷಗಳೇ ಆಗಿದ್ದವು.

ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಗೇನೂ ಬರವಿರಲಿಲ್ಲ. ಸೊಸೆ ಅದರಲ್ಲಿ ಚೀಲ ಹೊಲಿದಳು. ಮೂಲೆಯ ತರಕಾರಿಯವನನ್ನು ಕಾಡಿ ಬೇಡಿ ಒಪ್ಪಿಸಿದಳು. ಇನ್ನು ಕವರು ಕೊಡುವ ಹಾಗಿಲ್ಲ. ಬರಿಗೈಲಿ ಬಂದವರು ಅವನ ಅಂಗಡಿಯ ಕೊಕ್ಕೆಯಿಂದ ಒಂದು ಬಟ್ಟೆ ಚೀಲ ಒಯ್ಯಲಿ, ಮುಂದಿನ ಸಲ ತಂದು ಅಲ್ಲೇ ಸಿಕ್ಕಿಸಲಿ. ಆದರೆ ಸೊಸೆಯ ಕೈ ಸುಮ್ಮನಿರಬೇಕಲ್ಲ! ಎರಡು ಬಣ್ಣದ ಹಿಡಿ, ಬಾಯಂಚಿಗೆ ಲೇಸು, ಒಳಗೆ ಲೈನಿಂಗ್ ಬೇರೆ.

ಚೀಲಗಳು ಹೋದವು. ಹೋದವು ಹೋದೇ ಹೋದವು. ಒಂದು ಬೆಳಿಗ್ಗೆ ನೋಡಿದರೆ ಕೊಕ್ಕೆ ಖಾಲಿ, ತರಕಾರಿಯವನ ಕೈಯಲ್ಲಿ ಮತ್ತದೇ ಕವರು.

"ನಾನೇನ್ ಮಾಡ್ಲಿ ಅಕ್ಕಾ? ಒಂದು ಚೀಲಾನೂ ವಾಪಸ್ ಬರ್ಲಿಲ್ಲ. ಟೊಮೆಟೊನ ಜನರ ಜೇಬಿಗೆ ತುಂಬ್ಲಾ?"

ಪಕ್ಕದಲ್ಲಿ ಹಿಂದಿನ ಬೀದಿಯ ಟೀಚರು ಕವರಿನಲ್ಲಿ ಆಲೂಗಡ್ಡೆ ಹಿಡಿದು ನಿಂತಿದ್ದರು.

"ನಿಮ್ಮ ಚೀಲ ಎಲ್ಲಿ ಟೀಚರ್?"

"ಅಯ್ಯೋ, ಅಷ್ಟು ಚೆಂದದ ಚೀಲಕ್ಕೆ ಮಣ್ಣಿನ ಆಲೂಗಡ್ಡೆ ಹಾಕೋದಾ! ಧೂಳಾಗಬಾರದು ಅಂತ ಒಂದು ಕವರಿಗೆ ಹಾಕಿ ಬೀರುನಲ್ಲಿ ಇಟ್ಟಿದೀನಿ."

ಸೊಸೆಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ಬಂದವಳೇ ಒಂದು ಹಳೆಯ ಪರದೆ ಎಳೆದುಕೊಂಡು, ಯಾರೂ ಆಸೆಪಡದಂಥ ಚೀಲ ಹೊಲಿಯಲು ಕೂತಳು. ಆದರೆ ಕೈ ತಾನಾಗಿ ಅಂಚು ಮಡಚಿತು, ಹೊಲಿಗೆ ದಾರ ಹಿಡಿದಂತೆ ನೆಟ್ಟಗೆ ಓಡಿತು. ಬಿಚ್ಚಿದಳು, ಹೊಲಿದಳು, ಮತ್ತೆ ಅದೇ. ಕೊನೆಗೆ ಬಟ್ಟೆ ಎತ್ತಿ ಎಸೆದಳು.

"ಕೆಟ್ಟದಾಗಿ ಹೊಲಿಯೋಕೂ ಬರಲ್ವಲ್ಲ ನಂಗೆ!"

"ಏಳು, ನಾನು ಹೊಲೀತೀನಿ," ಎಂದಳು ಅತ್ತೆ.

ಈ ಮಿಷನ್ನು ಮೊದಲು ಅತ್ತೆಯದೇ. ಕಣ್ಣು ಮಂಜಾದ ಮೇಲೆ, ಗಿರಾಕಿಗಳ ಬಟ್ಟೆ ಹಾಳಾದೀತೆಂದು ಸೊಸೆಯೇ ಅವಳನ್ನು ಎಬ್ಬಿಸಿದ್ದಳು. ಅಂದಿನಿಂದ ಅತ್ತೆ ಕವರು ಮಡಚುತ್ತ ಕೂತಿದ್ದಳು. ಈಗ ಮಿಷನ್ನಿನ ಮುಂದೆ ಕೂತು, ಗಾಲಿಯನ್ನೊಮ್ಮೆ ಸವರಿ, ತುಳಿಯತೊಡಗಿದಳು. ಒಂದು ಹಿಡಿ ಗೇಣುದ್ದ, ಇನ್ನೊಂದು ಮೊಳದುದ್ದ. ಹೊಲಿಗೆ ಹೋದದ್ದೇ ದಾರಿ. ನೋಡಲಾಗದೆ ಸೊಸೆ ಒಳಗೆ ಹೋಗಿ ಪಾತ್ರೆ ತಿಕ್ಕಿದಳು.

ಆ ಚೀಲಗಳನ್ನು ಕಂಡು ತರಕಾರಿಯವನು ಬಿದ್ದು ಬಿದ್ದು ನಕ್ಕ. ಆದರೆ ಅವು ಹೋದವು, ಬಂದವು. ಮಣ್ಣು ಮೆತ್ತಿಕೊಂಡು, ಈರುಳ್ಳಿ ಸಿಪ್ಪೆ ಅಂಟಿಸಿಕೊಂಡು ಮತ್ತೆ ಬಂದವು. ಬೀರುವಿನಲ್ಲಿಡುವ ಆಸೆ ಯಾರಿಗೂ ಆಗಲಿಲ್ಲ.

ಮಳೆ ಮತ್ತೆ ಜೋರಾಗಿ ಹಿಡಿದ ದಿನ, ಟೀಚರು ಅತ್ತೆ ಹೊಲಿದ ಚೀಲವೊಂದನ್ನು, ಹಿಡಿ ಕಿತ್ತಿದೆಯೆಂದು, ಕೊಟ್ಟುಹೋದರು. ಸೊಸೆ ಗಿರಾಕಿಗಳ ಬಟ್ಟೆಯನ್ನೆಲ್ಲ ಮೇಲಿನ ಹಲಗೆಗೆ ಏರಿಸಿ, ಬಾಗಿಲಲ್ಲಿ ಬಗ್ಗಿ ನೋಡಿದಳು. ಚರಂಡಿಯಲ್ಲಿ ಒಂದೆರಡು ಕವರು ತೇಲಿ ಹೋದವು; ನೀರು ಕಟ್ಟಿಕೊಳ್ಳದೆ ಹರಿಯುತ್ತಿತ್ತು.

ಬಂದು ಕೂತು ಕತ್ತರಿ ತೆಗೆದುಕೊಂಡಳು. ಆ ಚೀಲವನ್ನು ಪೂರ್ತಿ ಬಿಚ್ಚಿ ಹೊಲಿಯದೆ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ.

"ತುಂಬಾ ಸೊಟ್ಟ ಆಗಿದ್ಯೇನೇ?" ಎಂದಳು ಅತ್ತೆ, ಮೆಲ್ಲಗೆ.

ಸೊಸೆ ಕತ್ತರಿ ಕೆಳಗಿಟ್ಟಳು. ಕಿತ್ತ ಹಿಡಿಯನ್ನಷ್ಟೇ ಸೂಜಿಯ ಕೆಳಗೆ ಸರಿಸಿ, ಅತ್ತೆಯ ಹೊಲಿಗೆ ಹೋದ ದಾರಿಯಲ್ಲೇ, ಹಲ್ಲು ಕಚ್ಚಿಕೊಂಡು, ಸೊಟ್ಟ ಸೊಟ್ಟಗೆ ಹೊಲಿದಳು.